ಒಲೆ ಹೊಸದು, ಹೊಗೆದಾರಿ ಹಳೆಯದು

ಮಿಷಿಗನ್ನಿನ ನಮ್ಮ ಮನೆಯ ಫರ್ನೇಸು ಕೆಟ್ಟಾಗ ಅಂದಾಜು ಪಟ್ಟಿ ಕೊಡಲು ಮೂವರು ಬಂದರು. ಇಬ್ಬರು ನೆಲಮಾಳಿಗೆಗೆ ಇಳಿದು, ಹಳೆಯ ಯಂತ್ರಕ್ಕೆ ಅಂಟಿಸಿದ್ದ ಚೀಟಿ ಓದಿಕೊಂಡು ಹತ್ತೇ ನಿಮಿಷದಲ್ಲಿ ಮೇಲೆ ಬಂದರು. ಶೇಕಡ 96 ದಕ್ಷತೆ, ಹತ್ತು ವರ್ಷದ ಗ್ಯಾರಂಟಿ, ಗ್ಯಾಸ್ ಬಿಲ್ಲಿನಲ್ಲಿ ಆಗುವ ಉಳಿತಾಯ, ಹೀಗೆ ಅವರ ಮಾತೆಲ್ಲ ಯಂತ್ರದ ಸುತ್ತಲೇ. ಮೂರನೆಯವನು ವಯಸ್ಸಾದವನು. ಅವನು ಫರ್ನೇಸಿನತ್ತ ಒಮ್ಮೆ ಕಣ್ಣು ಹಾಯಿಸಿ, ಅದರ ತಲೆಯಿಂದ ಹೊರಟ ತಗಡಿನ ಕೊಳವೆಯ ಜಾಡು ಹಿಡಿದು ಚಿಮಣಿಯವರೆಗೆ ಹೋದ. ಪಕ್ಕದ ನೀರಿನ ಹೀಟರಿನ ಕೊಳವೆಯೂ ಅದೇ ಚಿಮಣಿಯನ್ನು ಸೇರುವ ಕಡೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಹಿಮದಲ್ಲಿ ಮನೆಗೆ ಒಂದು ಸುತ್ತು ಹಾಕಿ ಬಂದು, "ಫರ್ನೇಸನ್ನ ಯಾರು ಬೇಕಾದರೂ ಕೂರಿಸ್ತಾರೆ. ಇದರ ಹೊಗೆ ಎಲ್ಲಿಂದ ಹೊರಗೆ ಹೋಗಬೇಕು, ಇದು ಚಿಮಣಿ ಬಿಟ್ಟ ಮೇಲೆ ಆ ಹೀಟರಿನ ಗತಿ ಏನು, ಮೊದಲು ಅದನ್ನ ತೀರ್ಮಾನ ಮಾಡಿ" ಅಂದ. ಅವನ ಪಟ್ಟಿಯ ಮೊತ್ತ ಉಳಿದೆರಡಕ್ಕಿಂತ ಹೆಚ್ಚಿತ್ತು. ಹೆಚ್ಚಿದ್ದ ಹಣವೆಲ್ಲ ಕೊಳವೆಯ ಬಾಬ್ತು.

ನಮ್ಮ ಕಡೆ ಫರ್ನೇಸು ಅಂದರೆ ಲೋಹ ಕರಗಿಸುವ ಕುಲುಮೆ. ಉತ್ತರ ಅಮೆರಿಕದ ಮನೆಗಳಲ್ಲಿ ಅದು ಬೀರುವಿನ ಗಾತ್ರದ ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸು ಉರಿಯುತ್ತದೆ. ಆ ಉರಿಯ ಬಿಸಿಗಾಳಿ ಲೋಹದ ಕೊಳವೆಗಳ ಒಳಗೆ ಹರಿಯುತ್ತದೆ. ಆ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಹೋಗುವ ಮನೆಯ ಗಾಳಿಯನ್ನು ಒಂದು ದೊಡ್ಡ ಫ್ಯಾನು ಕೋಣೆ ಕೋಣೆಗೂ ತಳ್ಳುತ್ತದೆ. ಎರಡು ಗಾಳಿಗಳು ಒಂದೇ ಪೆಟ್ಟಿಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಓಡುತ್ತವೆ, ಒಂದನ್ನೊಂದು ಮುಟ್ಟುವಂತಿಲ್ಲ. ಒಂದು ಮನೆಯವರು ಉಸಿರಾಡುವ ಗಾಳಿ. ಇನ್ನೊಂದು ಮನೆಯ ಹೊರಗೆ ಹೋಗಲೇಬೇಕಾದದ್ದು. ಹಾಗೆ ಹೊರಗೆ ಕಳಿಸುವ ಕೆಲಸವೇ ವೆಂಟಿಂಗ್. ಮೇಲುನೋಟಕ್ಕೆ ನಾಲ್ಕು ಮಾರು ಪೈಪಿನ ಕೆಲಸ. ಆದರೆ ಇಲ್ಲಿನ ಗ್ಯಾಸ್ ಸಂಹಿತೆಗಳಲ್ಲಿ, ಅಂದರೆ ಅಮೆರಿಕದ ಎನ್‌ಎಫ್‌ಪಿಎ 54 ಮತ್ತು ಕೆನಡಾದ ಬಿ149.1ರಲ್ಲಿ, ಪುಟಗಟ್ಟಲೆ ಕೋಷ್ಟಕಗಳು ಮೀಸಲಾಗಿರುವುದು ಈ ಕೆಲಸಕ್ಕೇ.

ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್. ಒಂದು ಘನ ಅಡಿ ಗ್ಯಾಸು ಉರಿಯಲು ಸುಮಾರು ಹತ್ತು ಘನ ಅಡಿ ಗಾಳಿ ಬೇಕು. ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಹುಟ್ಟುತ್ತವೆ. ಗಾಳಿ ಸಾಲದೆ ಹೋದರೆ ಅಥವಾ ಹೋದ ಹೊಗೆಯೇ ತಿರುಗಿ ಉರಿಗೆ ಬಂದರೆ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಊರಿನ ಬಚ್ಚಲ ಹಂಡೆಗೆ ಹಸಿ ಸೌದೆ ಒಟ್ಟಿದರೆ ಕಣ್ಣು ಉರಿದು, ಕೆಮ್ಮು ಬಂದು, ಅಜ್ಜಿ ಬೈದು ಬಾಗಿಲು ತೆಗೆಸುತ್ತಿದ್ದಳು. ಆ ಹೊಗೆಗೆ ಅಷ್ಟು ಪ್ರಾಮಾಣಿಕತೆ ಇತ್ತು. ಗ್ಯಾಸಿನ ಉರಿಯದು ಹಾಗಲ್ಲ. ತಲೆನೋವು, ವಾಕರಿಕೆ, ನಿದ್ದೆ. ಜ್ವರ ಬಂತೇನೋ ಅಂದುಕೊಂಡು ಮಲಗಿದವರು ಏಳುವುದಿಲ್ಲ. ಬೆಂಕಿ ಅನಾಹುತಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಅಮೆರಿಕದಲ್ಲಿ ವರ್ಷಕ್ಕೆ ನಾನೂರಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಈ ವಿಷಾನಿಲಕ್ಕೆ ಬಲಿಯಾಗುತ್ತಾರೆ ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಎಲ್ಲಕ್ಕೂ ಫರ್ನೇಸೇ ಕಾರಣವಲ್ಲ. ಜನರೇಟರು, ಗ್ಯಾರೇಜಿನ ಕಾರು, ಇದ್ದಿಲ ಒಲೆ ಎಲ್ಲವೂ ಸೇರಿದ ಲೆಕ್ಕ ಅದು.

ಹಳೆಯ ಫರ್ನೇಸುಗಳ ಕಾಲದಲ್ಲಿ ಹೊಗೆ ತಾನಾಗಿಯೇ ಹೋಗುತ್ತಿತ್ತು. ಬಿಸಿಗಾಳಿ ಹಗುರ, ಅದು ಏರುತ್ತದೆ, ಏರುತ್ತ ತನ್ನ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಇಲ್ಲಿಯವರು ಇದನ್ನು ಡ್ರಾಫ್ಟ್ ಅನ್ನುತ್ತಾರೆ. ನಾವು ಸೆಳೆತ ಅನ್ನಬಹುದು. ಈ ಸೆಳೆತಕ್ಕೆ ಶಾಖವೇ ಕೂಲಿ. ಹಳೆಯ ಯಂತ್ರಗಳು ನೂರು ಡಾಲರಿನ ಗ್ಯಾಸಿನಲ್ಲಿ ಮೂವತ್ತು ನಲವತ್ತು ಡಾಲರಿನಷ್ಟನ್ನು ಚಿಮಣಿಗೆ ಸುರಿಯುತ್ತಿದ್ದವು. ಅದು ಪೋಲು, ನಿಜ. ಆದರೆ ಆ ಪೋಲೇ ಚಿಮಣಿಯನ್ನು ಬೆಚ್ಚಗಿಟ್ಟು ಹೊಗೆಯನ್ನು ಮೇಲಕ್ಕೆ ಎಳೆಯುತ್ತಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪೋಲು ತಡೆಯುವ ಮಾತು ಬಂತು. ಮೊದಲು ಶೇಕಡ 80ರ ಯಂತ್ರಗಳು, 80ರ ದಶಕದಲ್ಲೇ ಶೇಕಡ 90 ದಾಟಿದ ಯಂತ್ರಗಳು. ಈ ಎರಡನೆಯ ಬಗೆಯವು ಹೊಗೆಯ ಶಾಖವನ್ನು ಎಷ್ಟು ಹಿಂಡುತ್ತವೆಂದರೆ ಅದರೊಳಗಿನ ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಒಂದು ಲಕ್ಷ ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಕೊಡುವಷ್ಟು ಗ್ಯಾಸು ಉರಿದರೆ ನಾಲ್ಕು ಲೀಟರಿಗೂ ಮಿಕ್ಕಿ ನೀರು ಹುಟ್ಟುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಕಣ್ಣಿಗೆ ಬೀಳದೆ ಆಕಾಶ ಸೇರುತ್ತಿತ್ತು, ಹೊಸದರಲ್ಲಿ ಮೋರಿಗೆ ಹರಿಯುತ್ತದೆ.

ಯಂತ್ರ ಹೀಗೆ ಬದಲಾದಾಗ ಕೊಳವೆಯ ಶಾಸ್ತ್ರವೂ ಬದಲಾಯಿತು. ಅದನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಕೇಳುವುದು ಎರಡೇ ಪ್ರಶ್ನೆ: ಕೊಳವೆಯೊಳಗಿನ ಒತ್ತಡ ಮನೆಯೊಳಗಿನದಕ್ಕಿಂತ ಕಡಿಮೆಯೋ ಹೆಚ್ಚೋ, ಆವಿ ನೀರಾಗುತ್ತದೋ ಇಲ್ಲವೋ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದನೆಯದು ಮತ್ತು ನಾಲ್ಕನೆಯದು. ಒಂದನೆಯದರಲ್ಲಿ ಒತ್ತಡ ಕಡಿಮೆ, ಹೊಗೆ ಬಿಸಿ. ಕೊಳವೆಯ ಕೀಲು ಸ್ವಲ್ಪ ಸಡಿಲಾದರೆ ಮನೆಯ ಗಾಳಿ ಒಳಕ್ಕೆ ಹೋಗುತ್ತದೆ. ನಾಲ್ಕನೆಯದರಲ್ಲಿ ಒಂದು ಪುಟ್ಟ ಫ್ಯಾನು ತಣ್ಣನೆಯ, ಒದ್ದೆ ಹೊಗೆಯನ್ನು ಹಿಂದಿನಿಂದ ದಬ್ಬುತ್ತದೆ. ಅಲ್ಲಿ ಕೀಲು ಸಡಿಲಾದರೆ ಹೊಗೆ ಮನೆಗೆ ಬರುತ್ತದೆ. ಕೆಲಸಗಾರ ತಿಳಿದಿರಬೇಕಾದ ಮೊದಲ ಪಾಠ ಇದೇ, ಮತ್ತು ತಪ್ಪುಗಳಲ್ಲಿ ಅರ್ಧದಷ್ಟು ಒಂದರ ರೂಢಿಯನ್ನು ಇನ್ನೊಂದಕ್ಕೆ ಹಾಕುವುದರಿಂದಲೇ ಹುಟ್ಟುತ್ತವೆ ಎಂದು ನನಗನ್ನಿಸುತ್ತದೆ.

ಒಂದನೆಯ ವರ್ಗಕ್ಕೆ ಇಟ್ಟಿಗೆ ಚಿಮಣಿ ಅಥವಾ ಬಿ-ವೆಂಟ್ ಎಂಬ ಎರಡು ಪದರದ ಲೋಹದ ಕೊಳವೆ. ಅದರ ಒಳಪದರ ಅಲ್ಯೂಮಿನಿಯಮ್ಮಿನದು, ಹೊರಪದರ ಸತುವು ಲೇಪಿಸಿದ ಉಕ್ಕಿನದು. ಮರದ ತೊಲೆಗೂ ಇದಕ್ಕೂ ಒಂದು ಅಂಗುಲವಾದರೂ ತೆರವಿರಬೇಕು. ಅದೇ ಒಂಟಿ ಪದರದ ತಗಡಾದರೆ ಸಾಮಾನ್ಯವಾಗಿ ಆರು ಅಂಗುಲ. ಅಡ್ಡ ಹೋಗುವ ಭಾಗ ಅಡಿಗೆ ಕಾಲು ಅಂಗುಲದಂತೆ ಚಿಮಣಿಯ ಕಡೆಗೆ ಏರುತ್ತ ಹೋಗಬೇಕು, ಪ್ರತಿ ಕೀಲಿಗೂ ಸ್ಕ್ರೂ ಬಿಗಿಯಬೇಕು. ನಾಲ್ಕನೆಯ ವರ್ಗದ್ದು ಪ್ಲಾಸ್ಟಿಕ್ ಪೈಪು. ವಿಚಿತ್ರವೆಂದರೆ ಅದೂ ಹೊರಗೋಡೆಯ ಕಡೆಗೆ ಅಡಿಗೆ ಕಾಲು ಅಂಗುಲ ಏರುತ್ತಲೇ ಹೋಗಬೇಕು. ಅಳತೆ ಒಂದೇ, ಕಾರಣ ಬೇರೆ. ಅಲ್ಲಿ ಏರಿಕೆ ಇರುವುದು ಹೊಗೆ ಹತ್ತಲೆಂದು, ಇಲ್ಲಿ ನೀರು ಹಿಂದಕ್ಕೆ ಇಳಿದು ಬರಲೆಂದು. ಪೈಪು ನಡುವೆ ಎಲ್ಲಾದರೂ ಜೋತು ಬಿದ್ದರೆ ನೀರು ಅಲ್ಲೇ ನಿಂತು ದಾರಿ ಕಟ್ಟುತ್ತದೆ. ಫರ್ನೇಸು ಗೊಳಗೊಳ ಸದ್ದು ಮಾಡಿ ನಿಲ್ಲುತ್ತದೆ. ನಿಲ್ಲುವುದು ಒಳ್ಳೆಯದೇ, ಕೊಳವೆ ಕಟ್ಟಿಕೊಂಡರೆ ಉರಿ ಆರಿಸಲೆಂದೇ ಒಳಗೆ ಒತ್ತಡ ನೋಡುವ ಸ್ವಿಚ್ಚು ಇರುತ್ತದೆ. ಚಳಿಗೆ ಬೇಸತ್ತು ಆ ಸ್ವಿಚ್ಚಿನ ಎರಡು ತಂತಿ ಸೇರಿಸಿ ಹೋಗುವ ರಿಪೇರಿಯವರೂ ಉಂಟು. ಅಂಥವರಿಗೆ ಎರಡನೆಯ ಸಲ ಬಾಗಿಲು ತೆಗೆಯಬಾರದು.

ಪ್ಲಾಸ್ಟಿಕ್ಕಿನ ವಿಚಾರದಲ್ಲಿ ಇವತ್ತಿಗೂ ಒಮ್ಮತವಿಲ್ಲ. ಸಾಮಾನ್ಯ ಪಿವಿಸಿ ಪೈಪು ನೀರಿಗೂ ಮೋರಿಗೂ ಮಾಡಿದ್ದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಈ ಫರ್ನೇಸುಗಳ ಹೊಗೆ ಸಾಮಾನ್ಯವಾಗಿ ಅದಕ್ಕಿಂತ ತಣ್ಣಗಿರುವುದರಿಂದ ಅಮೆರಿಕದಲ್ಲಿ ಫರ್ನೇಸಿನ ತಯಾರಕರು ಒಪ್ಪಿದರೆ ಅದನ್ನೇ ಹಾಕಬಹುದು. ಕೆನಡಾ ಒಪ್ಪಲಿಲ್ಲ. ಅಲ್ಲಿ ಯುಎಲ್‌ಸಿ ಎಸ್636 ಎಂಬ ಮಾನದಂಡದ ಮೇಲೆ ಹೊಗೆಗೆಂದೇ ಪರೀಕ್ಷಿಸಿದ ಪೈಪು, ಅದೇ ಕಂಪನಿಯ ಮೊಣಕೈ, ಅದೇ ಕಂಪನಿಯ ಅಂಟು ಬೇಕು. ಅದರಲ್ಲಿ ಪಿವಿಸಿ 65 ಡಿಗ್ರಿಗೆ, ಸಿಪಿವಿಸಿ 90ಕ್ಕೆ, ಪಾಲಿಪ್ರೊಪಿಲೀನ್ 110ಕ್ಕೆ. ಗಡಿಯ ಈಚೆ ಡೆಟ್ರಾಯಿಟಿನಲ್ಲಿ ಸರಿ ಎನಿಸಿದ ಪೈಪು ಸೇತುವೆ ದಾಟಿ ವಿಂಡ್ಸರಿಗೆ ಹೋದರೆ ತಪ್ಪು. ಇದರಲ್ಲಿ ನನ್ನ ಮತ ಕೆನಡಾದ ಕಡೆಗೆ, ಏಕೆಂದರೆ ಪ್ಲಾಸ್ಟಿಕ್ಕನ್ನು ನಂಬಿ ಕೆಟ್ಟ ಒಂದು ಹಳೆಯ ಪ್ರಸಂಗವಿದೆ. ಮೂರನೆಯ ವರ್ಗದ, ಅಂದರೆ ಹೊಗೆ ಬಿಸಿಯಾಗಿದ್ದೂ ಒತ್ತಡದಿಂದ ಹೊರಬರುವ ಯಂತ್ರಗಳಿಗೆಂದು ಪ್ಲೆಕ್ಸ್‌ವೆಂಟ್, ಅಲ್ಟ್ರಾವೆಂಟ್ ಎಂಬ ಹೆಸರಿನ ಬೂದು, ಕಪ್ಪು ಬಣ್ಣದ ಪ್ಲಾಸ್ಟಿಕ್ ಕೊಳವೆಗಳು ಬಂದವು. ಅವು ಬಿರುಕು ಬಿಟ್ಟವು, ಕೀಲುಗಳಲ್ಲಿ ಕಳಚಿದವು. 1998ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸುಮಾರು 2,50,000 ಮನೆಗಳ ಕೊಳವೆ ಬದಲಿಸುವ ಕಾರ್ಯಕ್ರಮ ಸಾರಬೇಕಾಯಿತು. ಅವನ್ನು ಕೂರಿಸಿದವರು ಕಳ್ಳ ಕೆಲಸವನ್ನೇನೂ ಮಾಡಿರಲಿಲ್ಲ. ಆವತ್ತು ಒಪ್ಪಿಗೆಯಿದ್ದ ವಸ್ತುವನ್ನೇ ಹಾಕಿದ್ದರು.

ಒಳ್ಳೆಯ ಪೈಪಾದರೂ ಕೀಲು ಸರಿಯಿರಬೇಕು. ಮೊದಲು ನೇರಳೆ ಬಣ್ಣದ ಪ್ರೈಮರು, ಆಮೇಲೆ ಅಂಟು. ನೇರಳೆ ಕಲೆ ನೋಡಲು ಅಸಹ್ಯ, ಆದರೆ ಇನ್‌ಸ್ಪೆಕ್ಟರಿಗೆ ಅದೇ ಸಾಕ್ಷಿ. ಬಿಡಿಯಾಗಿ ತುರುಕಿ ನೋಡಿ, ಅಳತೆ ಸರಿಯಿದೆ ಅಂದುಕೊಂಡು, ಅಂಟು ಹಚ್ಚಲು ಮರೆತ ಒಂದು ಕೀಲು ವರ್ಷಗಟ್ಟಲೆ ಹಾಗೇ ನಿಂತಿರಬಲ್ಲದು. ಯಂತ್ರದ ಅದುರಾಟಕ್ಕೆ ಒಂದು ದಿನ ಕಳಚುತ್ತದೆ. 2008ರ ನವೆಂಬರಿನಲ್ಲಿ ಕೊಲೊರಾಡೊದ ಆಸ್ಪೆನ್ನಿನಲ್ಲಿ ರಜೆಗೆಂದು ಬಂದಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ದೊಡ್ಡದೊಂದು ಮನೆಯಲ್ಲಿ ಸತ್ತರು. ಅಂಗಳದ ಹಿಮ ಕರಗಿಸುವ ಬಾಯ್ಲರಿನ ಹೊಗೆ ಕೊಳವೆ ಕಳಚಿಕೊಂಡಿತ್ತು. ಮರುವರ್ಷವೇ ಕೊಲೊರಾಡೊ ಮನೆಗಳಲ್ಲಿ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡುವ ಕಾನೂನು ತಂದಿತು.

ಇನ್ನು ಆ ಮೂರನೆಯವನು ಕೇಳಿದ ಪ್ರಶ್ನೆ. ನೀರಿನ ಹೀಟರಿನ ಗತಿ ಏನು? ಇಡೀ ವಿಷಯದ ತಿರುಳು ಇಲ್ಲೇ ಇದೆ.

ಹಳೆಯ ಮನೆಗಳಲ್ಲಿ ಫರ್ನೇಸು ಮತ್ತು ನೀರಿನ ಹೀಟರು ಒಂದೇ ಚಿಮಣಿಯನ್ನು ಹಂಚಿಕೊಂಡಿರುತ್ತವೆ. ಒಂದು ಲಕ್ಷ ಬಿಟಿಯು ಉಗುಳುವ ಫರ್ನೇಸು ಚಿಮಣಿಯನ್ನು ಕಾಯಿಸುತ್ತದೆ. ನಲವತ್ತು ಸಾವಿರದ ಹೀಟರು ಅದರ ಬೆನ್ನೇರಿ ಹೋಗುತ್ತದೆ. ಫರ್ನೇಸನ್ನು ಕಿತ್ತು ಶೇಕಡ 96ರದ್ದನ್ನು ತಂದು, ಅದರ ಪ್ಲಾಸ್ಟಿಕ್ ಪೈಪನ್ನು ಪಕ್ಕದ ಗೋಡೆಯಿಂದ ಹೊರಗೆ ಬಿಟ್ಟರೆ, ಹೀಟರು ಆ ದೊಡ್ಡ ತಣ್ಣನೆಯ ಚಿಮಣಿಯಲ್ಲಿ ಒಂಟಿಯಾಗುತ್ತದೆ. ಇಲ್ಲಿನ ಕೆಲಸಗಾರರು ಅದನ್ನು 'ತಬ್ಬಲಿ ಹೀಟರು' ಅನ್ನುತ್ತಾರೆ. ಅದರ ಸಣ್ಣ ಬಿಸಿಯುಸಿರಿಗೆ ಅಷ್ಟು ಇಟ್ಟಿಗೆಯನ್ನು ಕಾಯಿಸುವ ತ್ರಾಣವಿಲ್ಲ. ಹೊಗೆ ಅರ್ಧ ದಾರಿಯಲ್ಲಿ ತಣಿದು ನೀರಾಗಿ ಚಿಮಣಿಯ ಗಾರೆಯನ್ನು ಒಳಗಿನಿಂದ ತಿನ್ನುತ್ತದೆ. ಇಲ್ಲವೇ ಹೀಟರಿನ ತಲೆಯ ಮೇಲೆ ಕೊಡೆಯಂತೆ ಕೂತ ತಗಡಿನ ಟೋಪಿಯ ಕೆಳಗಿನ ತೆರಪಿನಿಂದ ಮನೆಯೊಳಗೇ ಸುರಿಯುತ್ತದೆ. ಸಂಹಿತೆ ಒಂದು ಸರಳ ಲೆಕ್ಕ ಕೊಟ್ಟಿದೆ: ಒಂಟಿ ಹೀಟರಿನ ಚಿಮಣಿಯ ಒಳ ವಿಸ್ತೀರ್ಣ ಅದರ ಹೊಗೆಬಾಯಿಯ ಏಳು ಪಟ್ಟು ಮೀರಬಾರದು. ಮೂರು ಅಂಗುಲದ ಬಾಯಿಯ ವಿಸ್ತೀರ್ಣ ಸುಮಾರು ಏಳು ಚದರ ಅಂಗುಲ. ಅದರ ಏಳು ಪಟ್ಟು ಐವತ್ತರ ಹತ್ತಿರ. ಎರಡು ಯಂತ್ರಗಳಿಗೆಂದು ಕಟ್ಟಿದ ಎಷ್ಟೋ ಚಿಮಣಿಗಳು ಇದನ್ನು ಸುಲಭವಾಗಿ ಮೀರುತ್ತವೆ. ಪರಿಹಾರಗಳಿವೆ. ಚಿಮಣಿಯೊಳಗೆ ಸಣ್ಣ ಲೋಹದ ಕೊಳವೆ ಇಳಿಬಿಡಬಹುದು, ಫ್ಯಾನು ಇರುವ ಹೀಟರಿಗೆ ಬದಲಾಗಬಹುದು, ವಿದ್ಯುತ್ತಿಗೆ ಹೋಗಬಹುದು. ಎಲ್ಲಕ್ಕೂ ದುಡ್ಡು ಬೇಕು, ಮತ್ತು ಆ ದುಡ್ಡು ನನ್ನ ಮೊದಲಿನ ಎರಡು ಅಂದಾಜು ಪಟ್ಟಿಗಳಲ್ಲಿ ಇರಲೇ ಇಲ್ಲ.

ಈ ತಬ್ಬಲಿ ಹೀಟರಿನ ಜಗಳ ವಾಷಿಂಗ್ಟನ್ನಿನವರೆಗೂ ಹೋಗಿದೆ. ಕೆನಡಾ 2010ರ ಹೊತ್ತಿಗೆ ಶೇಕಡ 90ರ ಕೆಳಗಿನ ಮನೆ ಫರ್ನೇಸುಗಳಿಗೆ ಬಾಗಿಲು ಹಾಕಿತು, 2019ರಲ್ಲಿ ಮಿತಿಯನ್ನು 95ಕ್ಕೆ ಏರಿಸಿತು. ಅಮೆರಿಕದಲ್ಲಿ ಶೇಕಡ 80ರದ್ದು ಇನ್ನೂ ಮಾರಾಟವಾಗುತ್ತಿದೆ. ಚಿಮಣಿಗೆ ಹೊಂದುವ ಗುಣವನ್ನೇ ಒಂದು ಬೇರೆ ವೈಶಿಷ್ಟ್ಯವೆಂದು ಎಣಿಸಿ ಆ ಯಂತ್ರಗಳನ್ನು ಉಳಿಸಬೇಕೆಂದು ಗ್ಯಾಸ್ ಕಂಪನಿಗಳು ವಾದಿಸಿದವು. ಇಂಧನ ಇಲಾಖೆ 2021ರ ಜನವರಿಯಲ್ಲಿ ಹೌದು ಅಂದಿತು. ಸರ್ಕಾರ ಬದಲಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲ ಅಂದಿತು. 2023ರಲ್ಲಿ ಹೊರಡಿಸಿದ ನಿಯಮ 2028ರ ಕೊನೆಯಿಂದ ಶೇಕಡ 95 ಕಡ್ಡಾಯ ಎಂದಿತು. ಕಂಪನಿಗಳು ನ್ಯಾಯಾಲಯ ಹತ್ತಿದವು. ಕಂಪನಿಗಳ ಲಾಭದ ಲೆಕ್ಕ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಆದರೂ ಅವರ ವಾದ ಪೂರ್ತಿ ಹುಸಿಯಲ್ಲ. ಎರಡೂ ಪಕ್ಕದಲ್ಲಿ ನೆರೆಮನೆಯ ಗೋಡೆ ಅಂಟಿಕೊಂಡಿರುವ ಫಿಲಡೆಲ್ಫಿಯಾದ ಸಾಲುಮನೆಯಲ್ಲಿ ಪ್ಲಾಸ್ಟಿಕ್ ಪೈಪು ಹೊರಬೀಳಲು ಜಾಗ ಹುಡುಕುವುದೇ ಕಷ್ಟ. ಅಲ್ಲಿರುವವರು ಹೆಚ್ಚು ಕೊಡಬಲ್ಲವರೂ ಅಲ್ಲ.

ಪಕ್ಕದ ಗೋಡೆಯಿಂದ ಪೈಪು ಹೊರಬಿಟ್ಟರೆ ಅಲ್ಲಿಗೂ ಕೆಲಸ ಮುಗಿಯುವುದಿಲ್ಲ. ಕಿಟಕಿ, ಬಾಗಿಲು, ಗಾಳಿ ಎಳೆದುಕೊಳ್ಳುವ ಬಾಯಿ, ಗ್ಯಾಸ್ ಮೀಟರು, ನೆಲದ ಮಟ್ಟ, ಪ್ರತಿಯೊಂದರಿಂದಲೂ ಇಷ್ಟು ದೂರ ಎಂದಿದೆ. ಉರಿಗೆ ಬೇಕಾದ ಗಾಳಿಯನ್ನು ಇನ್ನೊಂದು ಪೈಪಿನಲ್ಲಿ ಹೊರಗಿನಿಂದಲೇ ತರುವ ಯಂತ್ರವಾದರೆ, ಅಮೆರಿಕದ ಸಂಹಿತೆಯಂತೆ 50,000 ಬಿಟಿಯು ಮೀರಿದ್ದಕ್ಕೆ ಕಿಟಕಿಯಿಂದ ಒಂದು ಅಡಿ. ಫ್ಯಾನಿನಿಂದ ಹೊಗೆ ತಳ್ಳಿ, ಮನೆಯ ಗಾಳಿಯನ್ನೇ ಬಳಸುವ ಯಂತ್ರವಾದರೆ ಪಕ್ಕಕ್ಕೂ ಕೆಳಕ್ಕೂ ನಾಲ್ಕು ಅಡಿ. 1977ರ ಆಸ್ಟ್ರೇಲಿಯನ್ ಓಪನ್ ಗೆದ್ದ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ ಸತ್ತದ್ದು 1994ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಗೆಳೆಯನ ಬಂಗಲೆಯ ಅತಿಥಿಗೃಹದಲ್ಲಿ ಮಲಗಿದ್ದಾಗ. ಈಜುಕೊಳದ ಹೀಟರಿನ ಹೊಗೆ ಆ ಮನೆಯ ಹವಾನಿಯಂತ್ರಣದ ದಾರಿಯಲ್ಲಿ ಒಳಗೆ ಬಂದಿತ್ತು. ಕಾಗದದ ಮೇಲೆ ಅಂಗುಲ, ಅಡಿ ಎಂದು ಬೇಸರ ಹುಟ್ಟಿಸುವ ಲೆಕ್ಕಗಳ ಹಿಂದೆ ಇಂಥವು ಇರುತ್ತವೆ.

ಹಿಮದ ನಾಡಿನಲ್ಲಿ ನೆಲದಿಂದ ಒಂದು ಅಡಿ ಅನ್ನುವ ಅಳತೆಗೆ ಅರ್ಥ ಕಡಿಮೆ. ಹಿಮ ಬಿದ್ದು ನಿಲ್ಲುವ ಎತ್ತರದ ಮೇಲೆ ಒಂದು ಅಡಿ ಬೇಕು. 2005ರ ಜನವರಿಯ ಹಿಮಗಾಳಿಯಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್ತಿನಲ್ಲಿ ಹೀಗೆ ಹಿಮದಲ್ಲಿ ಹೂತುಹೋದ ಕೊಳವೆಯಿಂದಾಗಿ ಏಳು ವರ್ಷದ ಹುಡುಗಿಯೊಬ್ಬಳು ಸತ್ತಳು. ಅಲಾರಂ ಕಡ್ಡಾಯ ಮಾಡಿದ ಆ ರಾಜ್ಯದ ಕಾನೂನನ್ನು ಜನ ಇವತ್ತಿಗೂ ಅವಳ ಹೆಸರಿನಲ್ಲೇ ಕರೆಯುತ್ತಾರೆ. ಗೋಡೆಯ ಕೆಳಮಟ್ಟದಲ್ಲಿ ಹೊಗೆ ಕೊಳವೆ ಇದ್ದರೆ ಅದರ ನೇರಕ್ಕೆ ಎಂಟು ಅಡಿ ಎತ್ತರದಲ್ಲಿ, ಕೆಳಗೆ ಗ್ಯಾಸ್ ಕೊಳವೆಯಿದೆ, ಅಡ್ಡ ಇಡಬೇಡಿ ಎಂಬ ಫಲಕವನ್ನೂ ಅಲ್ಲಿ ಹೊಡೆಯಬೇಕು. ಫಲಕ ಬೇಕೇ ಅನ್ನಿಸಬಹುದು. ನಮ್ಮ ಮನೆಗೆ ಹಾಸನದಿಂದ ಬಂದಿದ್ದ ಅಪ್ಪ ಮೊದಲ ಚಳಿಗೆ ಗೋಡೆಯಿಂದ ಹೊರಡುತ್ತಿದ್ದ ಬಿಳಿ ಆವಿಯನ್ನು ಕಿಟಕಿಯಲ್ಲಿ ನೋಡಿ, "ಅಲ್ವೋ, ಇಷ್ಟು ಬಿಸಿ ಗಾಳಿ ಸುಮ್ನೆ ಹೊರಗೆ ಹೋಗ್ತಿದೆಯಲ್ಲೋ, ಒಂದು ಬಟ್ಟೆ ತುರುಕಬಾರದಾ?" ಅಂದಿದ್ದರು. "ಬಿಸಿ ಅಲ್ಲಪ್ಪ, ಅದು ಬರೀ ಆವಿ. ಅದನ್ನ ಕಟ್ಟಿದ್ರೆ ನಾವೇ ಇರಲ್ಲ" ಅಂದೆ. ಆಮೇಲೆ ಪ್ರತಿ ಹಿಮದ ಬೆಳಿಗ್ಗೆಯೂ ಮಂಕಿ ಕ್ಯಾಪ್ ಹಾಕಿಕೊಂಡು, ಸಲಿಕೆ ಹಿಡಿದು ಅದರ ಮುಂದಿನ ಹಿಮ ತೆಗೆದವರು ಅವರೇ.

ಹೊರಹೋಗುವ ಗಾಳಿಯ ಬಗ್ಗೆ ಇಷ್ಟೆಲ್ಲ ಆದರೆ, ಒಳಬರುವ ಗಾಳಿಯದು ಇನ್ನೊಂದು ಕಥೆ. ಯಂತ್ರ ಇರುವ ಜಾಗಕ್ಕೆ ಪ್ರತಿ ಸಾವಿರ ಬಿಟಿಯುಗೆ ಐವತ್ತು ಘನ ಅಡಿ ಗಾಳಿ ಇರಬೇಕು ಎಂಬುದು ಹಳೆಯ ಲೆಕ್ಕ. ಮನೆಯ ಗಾಳಿಯನ್ನೇ ಬಳಸುವ ಒಂದು ಲಕ್ಷದ ಫರ್ನೇಸು, ನಲವತ್ತು ಸಾವಿರದ ಹೀಟರು ಸೇರಿದರೆ 7,000 ಘನ ಅಡಿ. ಎಂಟು ಅಡಿ ಎತ್ತರದ ನೆಲಮಾಳಿಗೆಯಲ್ಲಿ ಸುಮಾರು 875 ಚದರ ಅಡಿ. ತೆರೆದ ನೆಲಮಾಳಿಗೆಯಲ್ಲಿ ಇದು ಕಷ್ಟವಲ್ಲ. ಆದರೆ ಮನೆ ಕೊಂಡ ಎರಡನೆಯ ವರ್ಷಕ್ಕೆ ನಮ್ಮವರು ನೆಲಮಾಳಿಗೆಯನ್ನು ಚಂದ ಮಾಡಲು ಹೊರಡುತ್ತಾರೆ. ಹೋಮ್ ಥಿಯೇಟರು, ಊರಿಂದ ಬರುವ ಅಪ್ಪ ಅಮ್ಮನಿಗೆ ಕೋಣೆ, ದೇವರಮನೆ. ಫರ್ನೇಸಿನ ಸದ್ದು ಕೇಳಬಾರದೆಂದು ಅದರ ಸುತ್ತ ಗೋಡೆ ಎಬ್ಬಿಸಿ ಗಟ್ಟಿ ಬಾಗಿಲು ಹಾಕಿಸುತ್ತಾರೆ. ಆ ಬಾಗಿಲಿಗೆ ಮೇಲೊಂದು ಕೆಳಗೊಂದು ಜಾಲರಿ ಕೊರೆಯಬೇಕೆಂದು ಬಡಗಿ ಹೇಳುವುದಿಲ್ಲ, ಅವನ ಕೆಲಸ ಅದಲ್ಲ. ಅದೇ ಕೋಣೆಯಲ್ಲಿ ಬಟ್ಟೆ ಒಗೆಯುವ ಬ್ಲೀಚು ಇಟ್ಟರೆ ಅದರ ಕ್ಲೋರಿನ್ ಉರಿಗೆ ಸಿಕ್ಕಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಮೇಲೆ ಅಡಿಗೆಮನೆಯಲ್ಲಿ ಒಗ್ಗರಣೆ ಘಾಟು ಎಳೆಯಲು ದೊಡ್ಡ ಎಕ್ಸಾಸ್ಟ್, ಪಕ್ಕದಲ್ಲಿ ಬಟ್ಟೆ ಒಣಗಿಸುವ ಯಂತ್ರ, ಸ್ನಾನದ ಮನೆಯ ಫ್ಯಾನು; ಮೂರೂ ಒಟ್ಟಿಗೆ ಓಡಿದರೆ ಬಿಗಿಯಾಗಿ ಕಟ್ಟಿದ ಮನೆ ಗಾಳಿಗೆ ಹಸಿದು, ಸಿಕ್ಕ ತೂತಿನಿಂದೆಲ್ಲ ಗಾಳಿ ಎಳೆದುಕೊಳ್ಳುತ್ತದೆ. ಚಿಮಣಿಯೂ ಒಂದು ತೂತೇ. ಹೊರಗೆ ಹೋಗಬೇಕಾದದ್ದು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಎರಡು ಪೈಪಿನ ಹೊಸ ಫರ್ನೇಸಿಗೆ ಈ ಗೊಡವೆಯಿಲ್ಲ. ಸಿಕ್ಕಿಬೀಳುವುದು ಮತ್ತೆ ಆ ತಬ್ಬಲಿ ಹೀಟರೇ.

ಕರ್ನಾಟಕದಲ್ಲಿ ಫರ್ನೇಸು ಇಲ್ಲದಿದ್ದರೂ ಇದೇ ರಸಾಯನ ಶಾಸ್ತ್ರ ಸಣ್ಣ ಬಚ್ಚಲುಮನೆಯಲ್ಲಿ ನಡೆಯುತ್ತದೆ. ಸಿಲಿಂಡರಿಗೆ ಜೋಡಿಸಿದ, ಹೊಗೆ ಕೊಳವೆಯೇ ಇಲ್ಲದ ಗ್ಯಾಸ್ ಗೀಸರು. ಚಳಿಯೆಂದು ಮುಚ್ಚಿದ ಗವಾಕ್ಷಿ. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಬದುಕಿ ಉಳಿದವರ ಮೂರ್ಛೆ, ಫಿಟ್ಸುಗಳನ್ನು ನಮ್ಮ ವೈದ್ಯರು 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದೇ ಗುರುತಿಸಿದ್ದಾರೆ. ಅಲ್ಲಿ ಯಂತ್ರವನ್ನು ಹೊರಗಿನ ಗಾಳಿಯಲ್ಲಿ, ಬಾಲ್ಕನಿಯಲ್ಲೋ ಹಿತ್ತಲಿನಲ್ಲೋ ಕೂರಿಸಿ ಬರೀ ಬಿಸಿನೀರನ್ನು ಒಳಗೆ ತಂದರೆ ಮುಕ್ಕಾಲು ಪಾಲು ಸಮಸ್ಯೆ ಮುಗಿಯುತ್ತದೆ. ಬೆಂಗಳೂರಿನ ಹವೆಯಲ್ಲಿ ಅದು ಸಾಧ್ಯ, ಮಿಷಿಗನ್ನಿನಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಅಲಾರಂ ಹಾಕಿದ್ದೇವಲ್ಲ, ಸಾಕು ಅನ್ನುವವರಿದ್ದಾರೆ. ಅಲಾರಂ ಬೇಕೇ ಬೇಕು, ಮಲಗುವ ಕೋಣೆಗಳ ಹತ್ತಿರ, ಪ್ರತಿ ಅಂತಸ್ತಿಗೂ. ಆದರೆ ಅಮೆರಿಕದ ಮಾನದಂಡದಂತೆ ಅದು ಹತ್ತು ಲಕ್ಷದಲ್ಲಿ 70 ಪಾಲು ವಿಷ ಇದ್ದಾಗ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಪಾಲಿದ್ದಾಗ ನಾಲ್ಕರಿಂದ ಹದಿನೈದು ನಿಮಿಷದೊಳಗೆ ಕೂಗಬೇಕು. ಮೂವತ್ತು ನಲವತ್ತು ಪಾಲಿನ ಸಣ್ಣ ಸೋರಿಕೆ ಚಳಿಗಾಲವಿಡೀ ನಡೆದರೂ ಅದು ಸುಮ್ಮನಿರಬಹುದು. ಮನೆಯಲ್ಲಿ ಬಸುರಿಯೋ ಎಳೆಮಗುವೋ ಹೃದ್ರೋಗಿಯೋ ಇದ್ದರೆ ಅಷ್ಟೂ ಹೆಚ್ಚೇ.

ನಾವು ಮೂರನೆಯವನಿಗೇ ಕೆಲಸ ಕೊಟ್ಟೆವು. ಊರಿನ ಪರವಾನಗಿ ಪಡೆದು ಎರಡು ದಿನ ಕೆಲಸ ಮಾಡಿದ; ಅದರಲ್ಲಿ ಒಂದೂವರೆ ದಿನ ಕೊಳವೆಗೆ. ಚಿಮಣಿಯೊಳಗೆ ಅಲ್ಯೂಮಿನಿಯಮ್ ಲೈನರು ಇಳಿಬಿಟ್ಟು ಹೀಟರಿಗೆ ಜೋಡಿಸಿದ. ಕೊನೆಗೆ ಮನೆಯ ಕಿಟಕಿ ಬಾಗಿಲು ಮುಚ್ಚಿಸಿ, ಅಡಿಗೆಮನೆಯ ಎಕ್ಸಾಸ್ಟು, ಡ್ರೈಯರು, ಸ್ನಾನದ ಮನೆಯ ಫ್ಯಾನು ಎಲ್ಲವನ್ನೂ ಹಾಕಿಸಿ, ಹೀಟರು ಹೊತ್ತಿಸಿ ಐದು ನಿಮಿಷ ಕಾದ. ಹೊಗೆ ಬಿಡುವ ಕಡ್ಡಿಗೆಂದು ಚೀಲ ತಡಕಿದ, ಸಿಗಲಿಲ್ಲ. ನಾನು ಮೇಲೆ ಹೋಗಿ ದೇವರ ಮುಂದಿನ ಊದಿನಕಡ್ಡಿ ತಂದೆ. ಹೀಟರಿನ ಟೋಪಿಯ ಅಂಚಿನಲ್ಲಿ ಹಿಡಿದಾಗ ಅದರ ಹೊಗೆ ಒಂದು ಗಳಿಗೆ ನಮ್ಮ ಕಡೆಗೇ ತೂಗಾಡಿತು. ಅವನು ಮಾತಾಡಲಿಲ್ಲ. ನಿಧಾನವಾಗಿ ಆ ಎಳೆ ಬಾಗಿ, ಟೋಪಿಯ ಕೆಳಗಿನ ತೆರಪಿಗೆ ನುಸುಳಿ ಮೇಲಕ್ಕೆ ಹೋಯಿತು. ಮೈಸೂರಿನ ಶ್ರೀಗಂಧದ ವಾಸನೆ ಮಾತ್ರ ನೆಲಮಾಳಿಗೆಯಲ್ಲಿ ಉಳಿಯಿತು. ಅವನು ಕಡ್ಡಿ ಪ್ಯಾಕೆಟ್ಟಿನ ಹೆಸರು ಬರೆದುಕೊಂಡು ಹೋದ.